‘ಅರಿವಿಲ್ಲ’ ಅನ್ನೋ ಸುಳ್ಳು

ಕ್ಯಾನ್ಸರ್ ವಿಷಯ ಬಂದಾಗಲೆಲ್ಲ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. “ನಮ್ಮ ಜನಕ್ಕೆ ಅರಿವಿಲ್ಲ.” ಪೇಪರಿನಲ್ಲಿ ಅದೇ, ಟೀವಿಯಲ್ಲಿ ಅದೇ, ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನ ಮೈಕ್ ಹಿಡಿದವರೆಲ್ಲರ ಬಾಯಲ್ಲೂ ಅದೇ. ಅರಿವು ಮೂಡಿಸಬೇಕು, ಜಾಗೃತಿ ಆಗಬೇಕು, ಗುಲಾಬಿ ರಿಬ್ಬನ್ ಕಟ್ಟಬೇಕು. ಆಮೇಲೆ ಚಹಾ, ಬಿಸ್ಕಿಟ್, ಗ್ರೂಪ್ ಫೋಟೋ. ಮುಗಿಯಿತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿಕಾಂ ಮುಗಿಸಿ ಬ್ಯಾಂಕಿಗೆ ಸೇರಿದ ಧಾರವಾಡ ಕಡೆಯವನು. ವರ್ಗವಾಗಿ ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಲೆಕ್ಕ ನೋಡೋದು, ಸಾಲದ ಕಾಗದ ನೋಡೋದು, ಕೌಂಟರಿನ ಆಚೆ ನಿಂತ ಮನುಷ್ಯನ ಮುಖ ನೋಡೋದು, ಇಷ್ಟೇ ನನಗೆ ಬರೋದು. ಆದರೆ ಈ “ಅರಿವಿಲ್ಲ” ಅನ್ನೋ ಮಾತು ಲೆಕ್ಕಕ್ಕೆ ಕೂಡೋದಿಲ್ಲ. ಅದಕ್ಕೇ ಈ ಬರಹ.

ನಮ್ಮ ಶಾಖೆಯಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದ ಒಬ್ಬ ಮರಾಠಿ ಹೆಣ್ಣುಮಗಳು ಇದ್ದರು. ಎಂಕಾಂ ಮಾಡಿದವರು. ಖೋಟಾ ನೋಟನ್ನು ಮಷೀನಿಗೆ ಹಾಕೋದಕ್ಕೂ ಮೊದಲು ಬೆರಳಲ್ಲೇ ಹಿಡಿಯುತ್ತಿದ್ದರು. ಅಂಥ ಬೆರಳಿಗೆ ತಮ್ಮದೇ ಎದೆಯ ಗಂಟು ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ಎಂಟು ತಿಂಗಳ ಹಿಂದೆಯೇ ಸಿಕ್ಕಿತ್ತು. ಮಗಳ ಲಗ್ನ ಗೊತ್ತಾಗಿತ್ತು, ಕಾರ್ಯಾಲಯ ಬುಕ್ ಆಗಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ. ಲಗ್ನ ಮುಗಿದು, ಮಗಳು ಅತ್ತೆ ಮನೆಗೆ ಹೋಗಿ, ಸೀರೆಗಳೆಲ್ಲ ಡ್ರೈ ಕ್ಲೀನಿಂಗಿಗೆ ಹೋದ ಮೇಲೆ ಡಾಕ್ಟರ ಹತ್ತಿರ ಹೋದರು. 52ನೇ ವಯಸ್ಸಿಗೆ ತೀರಿಕೊಂಡರು. ಆ ಹೆಣ್ಣುಮಗಳಿಗೆ ಅರಿವಿರಲಿಲ್ಲ ಅಂತ ನನ್ನೆದುರು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮುಚ್ಚಿಟ್ಟರು. ಹುಡುಗನ ಮನೆಯವರ ಕಿವಿಗೆ ಬಿದ್ದರೆ? “ತಾಯಿಗೆ ಇದೆಯಂತೆ, ನಾಳೆ ಮಗಳಿಗೂ ಬಂದರೆ?” ಅಂದರೆ?

ಇದು ಗಂಟು ಕೈಗೆ ಸಿಕ್ಕ ಮೇಲಿನ ಕಥೆ. ಸ್ಕ್ರೀನಿಂಗ್ ಅನ್ನೋದು ಅದಕ್ಕೂ ಮೊದಲಿನದು. ಏನೂ ಇಲ್ಲದಿದ್ದಾಗ, ನೋವಿಲ್ಲ, ರಕ್ತ ಇಲ್ಲ, ಗಂಟೂ ಇಲ್ಲ ಅನ್ನುವಾಗ ಹೋಗಿ ತೋರಿಸಿಕೊಳ್ಳೋದು. ಸಿಕ್ಕ ಮೇಲೂ ಎಂಟು ತಿಂಗಳು ಬಚ್ಚಿಡಬೇಕಾದ ಮನೆಯಲ್ಲಿ, ಸಿಗುವ ಮೊದಲೇ ಯಾರು ಹೋಗುತ್ತಾರೆ ಹೇಳಿ?

ಅಂದ ಹಾಗೆ, ನಮ್ಮ ಭಾಷೆಯಲ್ಲಿ ಗಂಟು ಅಂದರೆ ದುಡ್ಡಿನ ಗಂಟೂ ಹೌದು. ಒಂದು ಗಂಟನ್ನು ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ ಬ್ಯಾಲೆನ್ಸ್ ನೋಡಿ ಕಾಯುತ್ತೇವೆ. ಇನ್ನೊಂದರ ಕಡೆ ಕಣ್ಣೆತ್ತಿಯೂ ನೋಡೋದಿಲ್ಲ. ರೋಗದ ಹೆಸರನ್ನಾದರೂ ಬಾಯಿಬಿಟ್ಟು ಹೇಳುತ್ತೇವೆಯೇ? ಅದೂ ಇಲ್ಲ. ಅರ್ಬುದ ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ಮನೆಯಲ್ಲಿ ಒಬ್ಬರೂ ಅನ್ನೋದಿಲ್ಲ. ಊರಲ್ಲಿ “ದೊಡ್ಡ ರೋಗ”, ಇಲ್ಲಿ ಮರಾಠಿಯವರು ಮೆಲ್ಲಗೆ “ಗಾಠ್” ಅನ್ನುತ್ತಾರೆ. ನಮ್ಮ ಓಣಿಯ ಹಿರಿಯರೊಬ್ಬರು ಸತ್ತಾಗ ಮನೆಯವರು “ಅದು ಆಗಿತ್ತು” ಎಂದಷ್ಟೇ ಹೇಳಿದರು.

ಈಗ ಅಂಕಿಸಂಖ್ಯೆಗೆ ಬರೋಣ, ಅದು ನನ್ನ ಕಸುಬು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಇಡೀ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9. ಸ್ತನದ ತಪಾಸಣೆ ಶೇ 0.9. ನೂರಕ್ಕೆ ಇಬ್ಬರೂ ಇಲ್ಲ, ಒಬ್ಬರೂ ಇಲ್ಲ! ಇನ್ನೊಂದು ಕಡೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಲ್ಲಿ ಭಾರತದಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ಒಂದೇ ವರ್ಷದಲ್ಲಿ ಸತ್ತವರು ಹತ್ತಿರ ಹತ್ತಿರ 80 ಸಾವಿರ. ಸ್ತನ ಕ್ಯಾನ್ಸರಿನಿಂದ 98 ಸಾವಿರದ ಮೇಲೆ.

ಶೇ 1.9 ಅಂದಾಗ ನಮ್ಮ ವಿದ್ಯಾವಂತರು ತಕ್ಷಣ ಏನನ್ನುತ್ತಾರೆ? “ಹಳ್ಳಿ ಜನ ಸ್ವಾಮಿ, ಓದು ಬರಹ ಇಲ್ಲ, ನಾಚಿಕೆ, ಮೂಢನಂಬಿಕೆ...”

ಹಾಗಾದರೆ ಹಳ್ಳಿಗೇ ಹೋಗೋಣ ಬನ್ನಿ. ದೂರ ಬೇಡ. ಪುಣೆಯಿಂದ ಸೋಲಾಪುರದ ದಾರಿ ಹಿಡಿದು ಕುರ್ಡುವಾಡಿಯ ಹತ್ತಿರ ಎಡಕ್ಕೆ ತಿರುಗಿದರೆ ಬಾರ್ಶಿ ಊರು. ಸೋಲಾಪುರ ಜಿಲ್ಲೆ ಅಂದರೆ ನಮ್ಮವರೇ ಎಷ್ಟೋ ಜನ ಇರುವ ಸೀಮೆ, ಸಿದ್ಧರಾಮೇಶ್ವರನ ನಾಡು. ಆ ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾಗಿದ್ದು ಆ ಭಾಗದಲ್ಲೇ. ಪಕ್ಕದ ಜಿಲ್ಲೆ ಉಸ್ಮಾನಾಬಾದ್, 2023ರಿಂದ ಅದರ ಹೆಸರು ಧಾರಾಶಿವ. ಬರಗಾಲದ ಸೀಮೆ. ಅತ್ತ ಉಮರ್ಗಾ ದಾಟಿದರೆ ನಮ್ಮ ಬೀದರ, ಕಲಬುರಗಿ.

1999ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು, ಬಾರ್ಶಿಯವರು, ಅಂತರರಾಷ್ಟ್ರೀಯ ಸಂಸ್ಥೆಯವರು ಸೇರಿ ಈ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. 30ರಿಂದ 59 ವಯಸ್ಸಿನ 1,31,746 ಹೆಂಗಸರು. ಹಳ್ಳಿಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಎಚ್‌ಪಿವಿ ವೈರಸ್ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬಿಳಿ ಕಲೆ ಮೂಡುತ್ತದೆಯೇ ಅಂತ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ. ನಾಲ್ಕನೆಯ ಪಾಲಿಗೆ ಪರೀಕ್ಷೆ ಇಲ್ಲ, ಮಾಮೂಲಿ ವ್ಯವಸ್ಥೆ. ಜೀವನದಲ್ಲಿ ಒಂದೇ ಒಂದು ಸಲದ ಪರೀಕ್ಷೆ. ಎಂಟು ವರ್ಷ ಕಾದು ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಇಲ್ಲದ ಪಾಲಿನಲ್ಲಿ ಸತ್ತವರು 64. ಎಚ್‌ಪಿವಿ ಪರೀಕ್ಷೆಯ ಪಾಲಿನಲ್ಲಿ, ಅಲ್ಲಿ ಹೆಂಗಸರ ಸಂಖ್ಯೆ ಇನ್ನೂ ಸ್ವಲ್ಪ ಜಾಸ್ತಿಯೇ ಇದ್ದರೂ, 34. ಸಾವು ಸುಮಾರು ಅರ್ಧಕ್ಕೆ ಇಳಿಯಿತು. (ಉಳಿದ ಎರಡು ಪರೀಕ್ಷೆಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ, ಅದನ್ನೂ ಹೇಳಬೇಕು. ಪರೀಕ್ಷೆಯನ್ನೇ ಕೊಡದೆ ಒಂದು ಪಾಲು ಹೆಂಗಸರನ್ನು ಬರೀ ಎಣಿಸಿದ್ದು ಸರಿಯೇ ಅಂತ ಆಮೇಲೆ ದೊಡ್ಡ ಜಗಳವೂ ಆಯಿತು. ನನ್ನ ಕೇಳಿದರೆ ಆ ಜಗಳ ನ್ಯಾಯವಾದದ್ದೇ.)

ಆದರೆ ನನ್ನ ಕಣ್ಣಿಗೆ ಬಿದ್ದ ಅಂಕಿ ಇದ್ಯಾವುದೂ ಅಲ್ಲ. ಎಚ್‌ಪಿವಿ ಪರೀಕ್ಷೆಗೆ ಕರೆದಾಗ ಬಂದವರು ಎಷ್ಟು ಗೊತ್ತೇ? ನೂರಕ್ಕೆ ಹತ್ತಿರ ಹತ್ತಿರ ಎಂಬತ್ತು! ಹೊಲಕ್ಕೆ ಕೂಲಿಗೆ ಹೋಗುವವರು, ತಲೆ ಮೇಲೆ ಸೆರಗು ಹೊದ್ದವರು, ಬಹಳಷ್ಟು ಜನ ಶಾಲೆಯ ಮುಖ ನೋಡದವರು. ಆರೋಗ್ಯ ಕಾರ್ಯಕರ್ತರು ಮನೆಗೇ ಹೋದರು, ಕೂತು ಮಾತಾಡಿದರು, ಊರಿನ ಹತ್ತಿರವೇ ಕ್ಲಿನಿಕ್ ಹಾಕಿದರು, ಕಾಸು ಕೇಳಲಿಲ್ಲ, ಏನಾದರೂ ಕಂಡುಬಂದರೆ ಮುಂದಿನ ಚಿಕಿತ್ಸೆಯನ್ನೂ ಅವರೇ ನೋಡಿಕೊಂಡರು. ಬಂದರು ರೀ, ಎಂಬತ್ತು ಭಾಗ ಹೆಣ್ಣುಮಕ್ಕಳು ಬಂದರು.

ಈಗ ಹೇಳಿ, ನಾಚಿಕೆ ಎಲ್ಲಿ ಹೋಯಿತು? ಮೂಢನಂಬಿಕೆ ಎಲ್ಲಿ ಹೋಯಿತು? ಕೋಥ್ರುಡ್‌ನಲ್ಲಿ ಫ್ಲ್ಯಾಟ್ ಇರುವ, ಎಮ್ಮೆಸ್ಸಿ ಓದಿದ, ಅಮೆರಿಕದಲ್ಲಿ ಮಗ ಇರುವ ನಮ್ಮ ಬಳಗದಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಮಾಡಿಸಿಕೊಂಡಿದ್ದಾರೆ ಅಂತ ನೀವೇ ಒಮ್ಮೆ ಕೇಳಿ ನೋಡಿ. ಕೇಳೋದಕ್ಕೇ ಆಗೋದಿಲ್ಲ, ಅಲ್ಲವೇ? ಅದೇ ವಿಷಯ.

ನಾನು ಮನೆಯಲ್ಲೇ ಕೇಳಿದೆ. ನನ್ನ ಹೆಂಡತಿ ಎರಡು ಸಲ ಮಾಡಿಸಿಕೊಂಡವಳು, ಅವಳಿಗೆ ಹೇಳೋ ಹಕ್ಕಿದೆ. “ಹೆಣ್ಣುಮಕ್ಕಳು ಯಾಕ ಹೋಗೂದಿಲ್ಲ?” ಅಂದೆ. ಒಗ್ಗರಣೆ ಸೌಟು ಕೈಯಲ್ಲೇ ಇತ್ತು. “ಆ ಮೇಜಿನ ಮ್ಯಾಲೆ ಮಲಗೂದಂದ್ರ ಏನಂತ ನಿಮಗ ಗೊತ್ತದ ಏನ್ರೀ? ಪರದೆ ಅರ್ಧಾ ಸರಿಸಿರ್ತಾರ. ಹೊರಗ ಕಂಪೌಂಡರ್ ಓಡಾಡ್ತಿರ್ತಾನ. ಆ ಹುಡುಗಿ ನಾಲ್ಕ ಮಂದಿ ಮುಂದ ಜೋರಾಗಿ ‘ಕಡೀ ಸಲ ಯಾವಾಗ ಹೊರಗಾಗಿದ್ರಿ’ ಅಂತ ಕೇಳ್ತಾಳ. ಮದಿವಿ ಆಗದ ಹುಡುಗಿ ಹೋದ್ರಂತೂ ಯಾಕ ಬಂದೀ ಅನ್ನೂ ಹಂಗ ನೋಡ್ತಾರ. ಹೋಗಿ ಬಂದ ಮ್ಯಾಲೆ ಮನ್ಯಾಗ ಏನಂತ ಹೇಳಬೇಕು? ಮೂರು ತಾಸು ಎಲ್ಲಿ ಹೋಗಿದ್ದಿ ಅಂದ್ರ?”

ಅವಳು ಹೇಳಿದ್ದು ನಗರದ ಒಂದು ಆಸ್ಪತ್ರೆಯ ಅನುಭವ. ಹೆಸರು ಬೇಡ, ಬೇರೆ ಕಡೆಯೂ ಹೀಗೇ ಇರುತ್ತದೆ ಅಂತ ಅವಳ ಗೆಳತಿಯರು ಹೇಳುತ್ತಾರೆ. ಆದರೆ ಅವಳ ಮಾತಿನಲ್ಲಿ “ಅರಿವು” ಅನ್ನೋ ಶಬ್ದ ಎಲ್ಲಾದರೂ ಬಂತೇ? ಪರದೆ ಬಂತು, ದನಿ ಬಂತು, ಮೂರು ತಾಸು ಬಂತು. ಪರದೆ ಪೂರ್ತಿ ಎಳೆಯೋದಕ್ಕೆ ಯಾವ ಜಾಗೃತಿ ಅಭಿಯಾನ ಬೇಕು?

ಮೂರು ತಾಸಿನ ಮಾತು ಸಣ್ಣದಲ್ಲ. ನಮ್ಮ ಮನೆಗಳಲ್ಲಿ ಹೆಂಗಸಿನ ವೇಳೆ ಅವಳದಲ್ಲ. ಅತ್ತೆಯ ಸಕ್ಕರೆ ಕಾಯಿಲೆಗೆ ಮೂರು ತಿಂಗಳಿಗೊಮ್ಮೆ ರಿಕ್ಷಾ ಹಿಡಿದು ಹೋಗೋದು ಅವಳೇ. ಗಂಡನ ಬಿಪಿ ಗುಳಿಗೆ ತೀರಿದ್ದು ನೆನಪಿರೋದೂ ಅವಳಿಗೇ. ಮೊಮ್ಮಗುವಿನ ಲಸಿಕೆ ತಾರೀಖು ಕ್ಯಾಲೆಂಡರಿನ ಮೇಲೆ ಗುರುತು ಹಾಕೋದೂ ಅವಳೇ. ಏನೂ ನೋವಿಲ್ಲದೆ ತನ್ನ ಸಲುವಾಗಿ ಅರ್ಧ ದಿನ ತೆಗೆದರೆ “ಇರಲಾರದೆ ಇರುವೆ ಬಿಟ್ಕೊಂಡ್ರಂತೆ” ಅನ್ನುವ ಬಾಯಿ ಪ್ರತಿ ಮನೆಯಲ್ಲೂ ಒಂದಿದೆ. ಸಾಮಾನ್ಯವಾಗಿ ಅದು ನಮ್ಮದು, ಗಂಡಸರದ್ದು.

ಗಂಡಸರ ಮಾತು ಬಂತಲ್ಲ, ನಮ್ಮ ಬಾಯಿಯನ್ನೂ ನೋಡೋಣ. ಅಕ್ಷರಶಃ ಬಾಯಿಯನ್ನೇ. ಬಾಯಿ ಕ್ಯಾನ್ಸರಿನ ತಪಾಸಣೆಗೆ ಬೇಕಾದದ್ದು ಒಂದು ಟಾರ್ಚು, ಎರಡು ನಿಮಿಷ. ಮೇಜಿಲ್ಲ, ಪರದೆ ಇಲ್ಲ, ನಾಚಿಕೆ ಇಲ್ಲ. ತಿರುವನಂತಪುರದಲ್ಲಿ 1996ರಿಂದ ಮಾಡಿದ ಪ್ರಯೋಗದಲ್ಲಿ, ತಂಬಾಕು ಅಥವಾ ಹೆಂಡದ ಅಭ್ಯಾಸ ಇದ್ದವರ ಬಾಯಿಯನ್ನು ಹೀಗೆ ಆಗಾಗ ನೋಡಿದ್ದರಿಂದಲೇ ಅವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆದರೂ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುವವರು, ಇಲ್ಲಿ ಮಾವಾ ಅಗಿಯುವವರು, ನಮ್ಮ ಕಡೆ ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸುವವರು ಕಡಿಮೆ ಆಗಿದ್ದು ನನಗಂತೂ ಕಾಣಲಿಲ್ಲ. ನಾಚಿಕೆಯೇ ಕಾರಣವಾಗಿದ್ದರೆ ಗಂಡಸರು ಸಾಲುಗಟ್ಟಿ ಬಾಯಿ ತೆರೆಯಬೇಕಿತ್ತು. ಅದೇ ಸಮೀಕ್ಷೆಯಲ್ಲಿ ಬಾಯಿ ತಪಾಸಣೆ ಮಾಡಿಸಿಕೊಂಡ ಗಂಡಸರು ಶೇ 1.2. ಬ್ಯಾಂಕಿನಲ್ಲಿ ಸಾಲ ಕೇಳೋದಕ್ಕೆ ಬಾಯಿ ತೆರೆಯುತ್ತೇವೆ, ಡಾಕ್ಟರ ಮುಂದೆ ಹಲ್ಲು ಕಚ್ಚಿ ಕೂಡುತ್ತೇವೆ.

ಹಾಗಾದರೆ ಸಮಸ್ಯೆ ಏನು? ನನಗೆ ತಿಳಿದ ಮಟ್ಟಿಗೆ ದೊಡ್ಡ ಕಾರಣ ಹೆದರಿಕೆ. ಮತ್ತೆ ಆ ಹೆದರಿಕೆ ದಡ್ಡತನ ಅಲ್ಲ, ಅದರ ಹಿಂದೆ ಲೆಕ್ಕ ಇದೆ. ಬ್ಯಾಂಕಿನವನಾಗಿ ಆ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಯಾಕೆಂದರೆ ನಾವೂ ವರ್ಷಗಟ್ಟಲೆ ಅದನ್ನೇ ಮಾಡಿದವರು.

ಸಾಲದ ಖಾತೆ ಹಾಳಾಗೋದು ಒಂದೇ ದಿನಕ್ಕಲ್ಲ. ಕಂತು ಒಂದು ದಿನ ತಪ್ಪಿದರೂ ಅದು ಎಸ್‌ಎಂಎ-0. ಮೂವತ್ತು ದಿನ ದಾಟಿದರೆ ಎಸ್‌ಎಂಎ-1, ಅರವತ್ತು ದಾಟಿದರೆ ಎಸ್‌ಎಂಎ-2, ತೊಂಬತ್ತು ದಾಟಿದರೆ ಎನ್‌ಪಿಎ. ಈ ಎಚ್ಚರಿಕೆಯ ಮೆಟ್ಟಿಲುಗಳನ್ನು ರಿಸರ್ವ್ ಬ್ಯಾಂಕ್ 2014ರಲ್ಲಿ ಕಡ್ಡಾಯ ಮಾಡಿತು. ಗರ್ಭಕೋಶದ ಬಾಯಿಯ ಕ್ಯಾನ್ಸರೂ ಹೀಗೇ ಮೆಟ್ಟಿಲು ಹತ್ತುತ್ತದೆ. ಎಚ್‌ಪಿವಿ ವೈರಸ್ ಹೊಕ್ಕ ಬಹುಪಾಲು ಹೆಂಗಸರಲ್ಲಿ ಅದು ತಾನೇ ಹೋಗಿಬಿಡುತ್ತದೆ. ಕೆಲವರಲ್ಲಿ ಉಳಿದು ಚರ್ಮದ ಕಣಗಳನ್ನು ಕೆಡಿಸುತ್ತದೆ, ಅದಕ್ಕೆ ಸಿಐಎನ್-1, 2, 3 ಅಂತ ದರ್ಜೆ ಇದೆ. ಅಲ್ಲಿಂದ ನಿಜವಾದ ಕ್ಯಾನ್ಸರ್ ಆಗೋದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ, ಹದಿನೈದು ವರ್ಷ. ಆ ಹತ್ತು ವರ್ಷದಲ್ಲಿ ಯಾವಾಗ ಹಿಡಿದರೂ ಕೆಟ್ಟ ಜಾಗವನ್ನು ಸುಟ್ಟೋ ತೆಗೆದೋ ಮನೆಗೆ ಕಳಿಸುತ್ತಾರೆ, ಆಸ್ಪತ್ರೆಯಲ್ಲಿ ಮಲಗಬೇಕಾದದ್ದೂ ವಿರಳ. ಉಗುರಲ್ಲಿ ಹೋಗುವಂಥದ್ದು. ಕೊಡಲಿ ಬೇಕಾಗೋದು ಆಮೇಲೆ.

ಮೆಟ್ಟಿಲು ಇದ್ದರೂ ನಮ್ಮ ಬ್ಯಾಂಕುಗಳು ಏನು ಮಾಡಿದವು? ಖಾತೆ ಕೆಟ್ಟದ್ದು ಗೊತ್ತಿದ್ದೂ ನೋಡಲಿಲ್ಲ. ಹಳೇ ಸಾಲ ತೀರಿಸೋಕೆ ಹೊಸ ಸಾಲ ಕೊಟ್ಟು ಹಸಿರು ಬಣ್ಣ ಹಚ್ಚಿದವು. ಯಾಕೆ? ನೋಡಿದವನಿಗೇ ಶಿಕ್ಷೆ! ಎನ್‌ಪಿಎ ತೋರಿಸಿದ ಮ್ಯಾನೇಜರ್‌ಗೆ ಪ್ರಮೋಷನ್ ಇಲ್ಲ, ವಿಚಾರಣೆ ಬೇರೆ. ಮುಂದಿನ ವರ್ಗದವರೆಗೆ ತಳ್ಳಿದವನು ಜಾಣ. 2015ರಲ್ಲಿ ರಘುರಾಮ್ ರಾಜನ್ ಅವರ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಪುಸ್ತಕಗಳನ್ನು ಬಿಚ್ಚಿಸಿ ನೋಡಿತು. ಎಲ್ಲ ಹೊರಬಿತ್ತು. 2018ರ ಮಾರ್ಚ್ ಹೊತ್ತಿಗೆ ಕೆಟ್ಟ ಸಾಲ ಶೇ 11 ದಾಟಿತು. “ರಾಜನ್ ಬಂದು ಬ್ಯಾಂಕು ಹಾಳು ಮಾಡಿದರು” ಅಂದವರೂ ಇದ್ದರು, ಪರೀಕ್ಷೆ ಮಾಡಿಸಿದ್ದಕ್ಕೇ ರೋಗ ಬಂತು ಅನ್ನುವ ಹಾಗೆ. 2025ರ ಮಾರ್ಚ್‌ಗೆ ಅದು ಶೇ 2.3ಕ್ಕೆ ಇಳಿದಿತ್ತು. (ರೈಟ್ ಆಫ್ ಮಾಡಿದ್ದೂ ಅದರಲ್ಲಿದೆ, ಗೊತ್ತು. ಬ್ಯಾಂಕಿನವರು ಯಾರಾದರೂ ಓದುತ್ತಿದ್ದರೆ ಕಾಮೆಂಟು ಹಾಕುವ ಮೊದಲೇ ಹೇಳಿಬಿಟ್ಟೆ.)

ನೋಡಿದವರಿಗೇ ಶಿಕ್ಷೆ ಅನ್ನೋ ನಿಯಮ ಹೆಣ್ಣುಮಕ್ಕಳಿಗೂ ಹಾಗೇ ಇದೆ. ಮಗಳ ಲಗ್ನದ ವಿಷಯ ಆಗಲೇ ಹೇಳಿದೆ. ಎರಡನೆಯದು ವಿಮೆ. ನಮ್ಮ ಕೌಂಟರಿನಲ್ಲೇ ವಿಮೆ ಮಾರುತ್ತೇವಲ್ಲ, ಅಲ್ಲಿ ಕೇಳುವ ಮಾತು: “ಸಾಹೇಬ್ರೆ, ಮೊದಲು ಪಾಲಿಸಿ ಮಾಡ್ಸೋಣ, ಚೆಕಪ್ ಆಮೇಲೆ. ಏನಾದ್ರೂ ಸಿಕ್ಕರೆ ಪಾಲಿಸಿ ಕೊಡಲ್ಲ.” ಅವರ ಮಾತು ಪೂರ್ತಿ ಸುಳ್ಳಲ್ಲ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯನ್ನು ವಿಮಾ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಸಿತು. ಒಳ್ಳೆಯದು. ಆದರೆ ಕಾಯಿಲೆ ಇದ್ದವರಿಗೆ ಪಾಲಿಸಿ ಕೊಡಲೇಬೇಕು ಅಂತೇನೂ ಆಗಲಿಲ್ಲ.

ಇನ್ನೂ ಮಜಾ ಕೇಳಿ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಅಂತ ಮಾರುತ್ತೇವೆ. ಕ್ಯಾನ್ಸರ್ ಬಂದರೆ ಹತ್ತು ಲಕ್ಷ, ಇಪ್ಪತ್ತು ಲಕ್ಷ ಒಂದೇ ಗಂಟಿನಲ್ಲಿ. ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ “ನಿರ್ದಿಷ್ಟ ತೀವ್ರತೆಯ ಕ್ಯಾನ್ಸರ್” ಅನ್ನುವ ವ್ಯಾಖ್ಯೆ ಇರುತ್ತದೆ. ಅದರಲ್ಲಿ ಹೊರಗಿಟ್ಟದ್ದರ ಪಟ್ಟಿ ಓದಿದ್ದೀರಾ? ಇದ್ದ ಜಾಗದಲ್ಲೇ ಇರುವ, ಇನ್ನೂ ಹರಡದ ಕ್ಯಾನ್ಸರ್ ಹೊರಗೆ. ಸಿಐಎನ್-1, ಸಿಐಎನ್-2, ಸಿಐಎನ್-3 ಹೊರಗೆ. ಹೆಸರು ಹಿಡಿದು ಬರೆದಿದ್ದಾರೆ. ಅಂದರೆ ಸರಿಯಾದ ಹೊತ್ತಿಗೆ ಹೋಗಿ ಸಿಐಎನ್-3ರಲ್ಲಿ ಹಿಡಿದುಕೊಂಡ ಜಾಣ ಹೆಂಗಸಿಗೆ ಒಂದು ಪೈಸೆಯೂ ಇಲ್ಲ, ಮುಂದೆ ಹೊಸ ಪಾಲಿಸಿಗೆ ಅರ್ಜಿ ಹಾಕಿದರೆ ನೂರೆಂಟು ಪ್ರಶ್ನೆ. ಹತ್ತು ವರ್ಷ ಸುಮ್ಮನೆ ಕೂತು ರೋಗ ಹರಡಿದ ಮೇಲೆ ಬಂದವರಿಗೆ ಪೂರ್ತಿ ದುಡ್ಡು. ಕೆಲವು ಕ್ಯಾನ್ಸರ್ ಪಾಲಿಸಿಗಳು ಆರಂಭದ ಹಂತಕ್ಕೂ ಒಂದಿಷ್ಟು ಕೊಡುತ್ತವೆ, ಇಲ್ಲ ಅನ್ನೋದಿಲ್ಲ. ಕಂಪನಿಯ ಕಡೆಯಿಂದ ನೋಡಿದರೆ ಆರಂಭದ ಹಂತದ ಖರ್ಚು ಸಣ್ಣದು, ಹಾಗಾಗಿ ಇದು ತರ್ಕಬದ್ಧವೇ. ಆದರೆ ಇಂಥ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಅದೇ ಹೆಂಗಸಿಗೆ “ಬೇಗ ಹೋಗಿ ತೋರಿಸಿಕೊಳ್ಳಮ್ಮಾ, ಅರಿವಿರಲಿ” ಅಂತ ಬುದ್ಧಿ ಹೇಳೋದಕ್ಕೆ ಎಷ್ಟು ಧೈರ್ಯ ಬೇಕು!

ಇನ್ನು ‘ಫುಲ್ ಬಾಡಿ ಚೆಕಪ್’ ಅನ್ನುವ ಜಾತ್ರೆ. ಪುಣೆಯಲ್ಲಿ ಇದು ಗಣಪತಿ ಹಬ್ಬಕ್ಕಿಂತ ದೊಡ್ಡದಾಗಿದೆ. ಬೆಳಿಗ್ಗೆ ವೇತಾಳ ಟೇಕಡಿ ಹತ್ತಿ ಇಳಿಯುವವರ ಬಾಯಲ್ಲಿ ಕೊಲೆಸ್ಟ್ರಾಲ್ ಅಂಕಿಗಳು ಪಂಚಾಂಗದಂತೆ ಉದುರುತ್ತವೆ. 2012ರ ಬಜೆಟ್ಟಿನಲ್ಲಿ 80ಡಿ ಕಲಮಿನ ಕೆಳಗೆ ಆರೋಗ್ಯ ತಪಾಸಣೆಯ ಐದು ಸಾವಿರ ರೂಪಾಯಿಗೆ ತೆರಿಗೆ ರಿಯಾಯಿತಿ ತಂದರಲ್ಲ, ಅಂದಿನಿಂದ ಮಾರ್ಚ್ ತಿಂಗಳ ಕೊನೆಯ ವಾರ ಲ್ಯಾಬುಗಳ ಮುಂದೆ ಉಪವಾಸ ನಿಂತವರ ಸಾಲು ನೋಡಿದ್ದೇನೆ. ಅರಿವಿಲ್ಲದ ಜನವೇ ಇವರು? ರಕ್ತ ಕೊಟ್ಟರೆ ಎಪ್ಪತ್ತು ಪರೀಕ್ಷೆ, ಎಂಬತ್ತು ಪರೀಕ್ಷೆ, ಆಫರಿನಲ್ಲಿ ಅರ್ಧ ಬೆಲೆ. ಎಂಬತ್ತರಲ್ಲಿ ಎಚ್‌ಪಿವಿ ಪರೀಕ್ಷೆ ಎಷ್ಟು ಪ್ಯಾಕೇಜಿನಲ್ಲಿದೆ, ಹುಡುಕಿ. ಬದಲಿಗೆ ‘ಕ್ಯಾನ್ಸರ್ ಮಾರ್ಕರ್’ ಅಂತ ಸಿಎ-125 ಸೇರಿಸುತ್ತಾರೆ. ಲಕ್ಷಣ ಇಲ್ಲದ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಹುಡುಕಲು ಅದನ್ನು ಬಳಸಿದರೆ ಸಾವು ಕಡಿಮೆ ಆಗೋದಿಲ್ಲ ಅಂತ ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2021ರಲ್ಲೇ ಹೇಳಿದೆ. ಕೆಲಸಕ್ಕೆ ಬರೋ ಪರೀಕ್ಷೆಗೆ ಮೇಜು ಬೇಕು, ಪರದೆ ಬೇಕು, ತರಬೇತಾದ ನರ್ಸ್ ಬೇಕು, ಹೆಣ್ಣಿನೊಂದಿಗೆ ಹತ್ತು ನಿಮಿಷ ಮಾತು ಬೇಕು. ಅದರಲ್ಲಿ ಲಾಭ ಇಲ್ಲ. ಮನೆಗೆ ಹುಡುಗನನ್ನು ಕಳಿಸಿ ರಕ್ತ ತರಿಸೋದರಲ್ಲಿ ಇದೆ.

ನಮ್ಮ ಸೊಸಾಯಟಿಯಲ್ಲೂ ವರ್ಷಕ್ಕೆರಡು ಆರೋಗ್ಯ ಶಿಬಿರ. ಸಕ್ಕರೆ, ಬಿಪಿ, ಎಲುಬಿನ ಗಟ್ಟಿತನ. ಔಷಧಿ ಕಂಪನಿಯವರು ಬಂದು ಹಿಮ್ಮಡಿ ಮೇಲೆ ಮಷೀನು ಇಟ್ಟು “ಕ್ಯಾಲ್ಸಿಯಂ ಕಡಿಮೆ ಇದೆ” ಅನ್ನುತ್ತಾರೆ. ಪ್ರತಿ ವರ್ಷ ಎಲ್ಲರದೂ ಕಡಿಮೆ!

ಎಲ್ಲ ತಪಾಸಣೆಯೂ ಒಳ್ಳೆಯದು ಅಂತ ನಾನು ವಾದಿಸುತ್ತಿಲ್ಲ, ಹಾಗೆ ತಿಳಿಯಬೇಡಿ. ದಕ್ಷಿಣ ಕೊರಿಯಾದಲ್ಲಿ ಹೆಲ್ತ್ ಚೆಕಪ್ ಜೊತೆಗೆ ಥೈರಾಯ್ಡ್ ಸ್ಕ್ಯಾನ್ ಮಾಡಿಸುವ ಗೀಳು ಹತ್ತಿತು. 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಹದಿನೈದು ಪಟ್ಟು ಏರಿತು, ಸಾವು ಇದ್ದಷ್ಟೇ ಇತ್ತು. ಅಂದರೆ ತಂಟೆ ಮಾಡದ ಗಂಟುಗಳನ್ನು ಹುಡುಕಿ ಹುಡುಕಿ ಸಾವಿರಾರು ಜನರ ಕೊರಳು ಕುಯ್ದರು. “ಸುಮ್ಮನೆ ಕೆದಕಬೇಡಿ” ಅನ್ನುವ ನಮ್ಮಜ್ಜಿಯ ಮಾತು ಅಲ್ಲಿ ಸರಿಯೇ. ಸ್ತನದ ವಿಷಯದಲ್ಲೂ ಎಲ್ಲ ವಯಸ್ಸಿಗೂ ಒಂದೇ ಮಾತು ಹೇಳೋಕೆ ಬರೋದಿಲ್ಲ. ಮುಂಬಯಿಯ ಬಸ್ತಿಗಳಲ್ಲಿ 1998ರಿಂದ ಇಪ್ಪತ್ತು ವರ್ಷ ಒಂದೂವರೆ ಲಕ್ಷ ಹೆಂಗಸರನ್ನು ಟಾಟಾದವರು ನೋಡಿಕೊಂಡು ಬಂದರು. ತರಬೇತಾದ ಹೆಣ್ಣುಮಕ್ಕಳು ಕೈಯಿಂದ ಪರೀಕ್ಷಿಸಿದ್ದರಿಂದ ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ 30 ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಇಳಿಯಲಿಲ್ಲ. ಅದಕ್ಕೇ ಯಾವ ಪರೀಕ್ಷೆ, ಯಾರಿಗೆ, ಎಷ್ಟು ವರ್ಷಕ್ಕೊಮ್ಮೆ ಅಂತ ಹೇಳುವ ಒಬ್ಬ ಡಾಕ್ಟರ್ ಬೇಕು, ಪ್ಯಾಕೇಜ್ ಅಲ್ಲ. ಎಚ್‌ಪಿವಿ ಪರೀಕ್ಷೆಯಾದರೆ ಮೂವತ್ತರ ಮೇಲೆ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಂಗಸು ತಾನೇ ಸಣ್ಣ ಬ್ರಷ್‌ನಿಂದ ಮಾದರಿ ತೆಗೆದು ಕೊಡಬಹುದು ಅಂತಲೂ ಹೇಳುತ್ತದೆ. ಅಲ್ಲಿಗೆ ಮೇಜೂ ಹೋಯಿತು, ಪರದೆಯ ಜಗಳವೂ ಹೋಯಿತು. ಇದನ್ನು ಯಾವ ಮೈಕ್‌ನಲ್ಲಿ ಕೇಳಿದ್ದೀರಿ?

2016ರಲ್ಲೇ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿದೆ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೋಶದ ಬಾಯಿ ಮೂರನ್ನೂ ಊರಿನ ಹತ್ತಿರವೇ ನೋಡಬೇಕು ಅಂತ. ಕಾಗದ ಚೆನ್ನಾಗಿದೆ. ಆ ಕಾಗದ ಬಂದು ಮೂರು ವರ್ಷದ ಮೇಲೆ ಶುರುವಾದ ಸಮೀಕ್ಷೆಯಲ್ಲೇ ಶೇ 1.9 ಬಂದದ್ದು. ಇದೇ ಪುಣೆಯ ಹಡಪ್ಸರ್‌ನಲ್ಲಿ ಸೀರಮ್ ಇನ್‌ಸ್ಟಿಟ್ಯೂಟಿನವರು ದೇಶದ ಮೊದಲ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ ತಯಾರಿಸಿದರು, 2023ರಲ್ಲಿ ಮಾರುಕಟ್ಟೆಗೆ ಬಂತು. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ 9ರಿಂದ 14 ವಯಸ್ಸಿನ ಹುಡುಗಿಯರಿಗೆ ಲಸಿಕೆ ಪ್ರೋತ್ಸಾಹಿಸುವ ಮಾತಾಡಿದರು. ಮರುದಿನವೇ ಪೂನಂ ಪಾಂಡೆ ಅನ್ನುವ ನಟಿ ಇದೇ ಕ್ಯಾನ್ಸರಿನಿಂದ ಸತ್ತಳು ಅಂತ ಸುದ್ದಿ. ಅದರ ಮರುದಿನ “ಬದುಕಿದ್ದೇನೆ, ಜಾಗೃತಿ ಮೂಡಿಸೋಕೆ ಹೀಗೆ ಮಾಡಿದೆ” ಅಂತ ಅವಳದೇ ವಿಡಿಯೋ! ಜಾಗೃತಿ ಅನ್ನೋ ಶಬ್ದದ ಬೆಲೆ ಎಲ್ಲಿಗೆ ಬಂತು ನೋಡಿ. ಹೆಸರಂತೂ ಎಲ್ಲರ ಬಾಯಲ್ಲಿ ಬಂತು. ನಮ್ಮ ಬಳಗದಲ್ಲಿ ಅದರಿಂದ ಪರೀಕ್ಷೆಗೆ ಹೋದವರು ಒಬ್ಬರೂ ನನಗೆ ಸಿಗಲಿಲ್ಲ.

ಈಗ ನೀವು ಕೇಳಬಹುದು, ಬರೀ ಬೈಯೋದಾಯಿತು, ನಿನ್ನ ಸಲಹೆ ಏನಪ್ಪಾ ಅಂತ. ಕೌಂಟರಿನವನ ಸಲಹೆ ಇದೆ, ಕೇಳಿ. ಪ್ರತಿ ನವೆಂಬರ್ ಪಿಂಚಣಿದಾರರು ಬ್ಯಾಂಕಿಗೆ ಬಂದು ಬದುಕಿದ್ದೇವೆ ಅಂತ ಜೀವನ ಪ್ರಮಾಣಪತ್ರ ಕೊಡುತ್ತಾರೆ. ಕೋಲೂರಿಕೊಂಡು ಬರುತ್ತಾರೆ, ಮೊಮ್ಮಕ್ಕಳ ಸ್ಕೂಟರ್ ಹಿಂದೆ ಕೂತು ಬರುತ್ತಾರೆ. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದಾದರೂ ಬಂದೇ ಬರುತ್ತಾರೆ. ಯಾರಿಗೂ ಜಾಗೃತಿ ಅಭಿಯಾನ ಬೇಕಾಗಿಲ್ಲ. ತಿಂಗಳು ಗೊತ್ತು, ಜಾಗ ಗೊತ್ತು, ಹತ್ತು ನಿಮಿಷದ ಕೆಲಸ, ಪಕ್ಕದ ಮನೆಯವರೂ ಬರುತ್ತಾರೆ, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೊನೆಯದನ್ನು ಬಿಡಿ, ಹೆದರಿಸೋದು ಬೇಡ. ಉಳಿದ ನಾಲ್ಕೂ ಉಸ್ಮಾನಾಬಾದ್‌ನ ಹಳ್ಳಿಗಳಲ್ಲಿ ಇದ್ದವು, ಕರ್ವೆ ರೋಡಿನಲ್ಲಿ ಇಲ್ಲ.

ಸೊಸಾಯಟಿಯ ಸೆಕ್ರೆಟರಿಗೆ ಪತ್ರ ಕೊಟ್ಟಿದ್ದೇನೆ, ಮುಂದಿನ ಶಿಬಿರದಲ್ಲಿ ಎಲುಬಿನ ಮಷೀನು ಬೇಡ, ಬಾಯಿ ನೋಡುವ ಒಬ್ಬ ದಂತವೈದ್ಯರನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮಾದರಿ ತಾವೇ ತೆಗೆಯುವ ಎಚ್‌ಪಿವಿ ಕಿಟ್ ತರಿಸಿ ಅಂತ. ಎರಡನೆಯದನ್ನು ಓದಿ ಅವರು ಕನ್ನಡಕ ತೆಗೆದು, “ಕುಲಕರ್ಣಿ ಕಾಕೂ ಏನಂತಾರೋ” ಅಂದರು. ಎಂಬತ್ತರ ಹತ್ತಿರದ ಕಾಕೂ ಅವರನ್ನು ನನ್ನ ಹೆಂಡತಿಯೇ ಹೋಗಿ ಕೇಳಿ ಬಂದಳು. “ನನ್ನ ಸೊಸೆಯರ ಹೆಸರು ಮೊದಲು ಬರಕೋ” ಅಂದರಂತೆ. ಇವತ್ತಿಗೆ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ. ದಂತವೈದ್ಯರ ಪಟ್ಟಿಯಲ್ಲಿ ಗಂಡಸರು ಮೂವರು, ನನ್ನನ್ನೂ ಸೇರಿಸಿ.